ವೋಲ್ಟ್, ಆಂಪಿಯರ್ ಅಳೆದು ಓಮ್, ವ್ಯಾಟ್ ಲೆಕ್ಕ ಹಾಕುವುದು ಹೇಗೆ: ಎಡವುವ ಜಾಗಗಳ ಸಮೇತ

ಸೂತ್ರ ಎಲ್ಲರಿಗೂ ಬಾಯಿಪಾಠ. ವೋಲ್ಟನ್ನು ಆಂಪಿಯರ್‌ನಿಂದ ಭಾಗಿಸಿದರೆ ರೋಧ, ಗುಣಿಸಿದರೆ ವ್ಯಾಟ್. ಆದರೆ ಹತ್ತನೇ ಕ್ಲಾಸಿನಲ್ಲಿ ಈ ಲೆಕ್ಕಕ್ಕೆ ಪೂರ್ತಿ ಮಾರ್ಕ್ಸ್ ತಗೊಂಡವರಿಗೂ ಮನೆಯ ಹೀಟರ್ ಮುಂದೆ ಮೀಟರ್ ಹಿಡಿದು ಕೂತಾಗ ಉತ್ತರ ತಾಳೆಯಾಗುವುದಿಲ್ಲ. 1500 ವ್ಯಾಟ್ ಅಂತ ಬರೆದಿರುವ ರಾಡ್‌ಗೆ 1350 ಬರುತ್ತದೆ. 100 ವ್ಯಾಟ್‌ನ ಹಳೇ ಬಲ್ಬಿಗೆ ಮೀಟರ್ 40 ಓಮ್ ತೋರಿಸುತ್ತದೆ, ಲೆಕ್ಕ 529 ಅನ್ನುತ್ತದೆ. ಕೊನೆಗೆ ಮೀಟರ್ ಕೆಟ್ಟಿದೆ ಅಂತ ತೀರ್ಮಾನ.

ಹೆಚ್ಚಿನ ಸಲ ಮೀಟರ್ ಚೆನ್ನಾಗಿಯೇ ಇರುತ್ತದೆ. ವೋಲ್ಟೇಜನ್ನು ಬೆಳಿಗ್ಗೆ ನೋಡಿ, ಆಂಪಿಯರನ್ನು ಲೇಬಲ್‌ನಿಂದ ಎತ್ತಿಕೊಂಡು ಲೆಕ್ಕ ಹಾಕಿದರೆ ತಪ್ಪು ಬರದೆ ಇನ್ನೇನು? ಎರಡು ಸಂಖ್ಯೆಗಳೂ ಒಂದೇ ವಸ್ತುವಿನದ್ದಾಗಿರಬೇಕು, ಅದು ಓಡುತ್ತಿರುವಾಗ ಸಿಕ್ಕಿದ್ದಾಗಿರಬೇಕು, ಒಂದೇ ಹೊತ್ತಿನದ್ದಾಗಿರಬೇಕು. ಕೆಳಗಿನ ಹಂತಗಳೆಲ್ಲ ಇದೊಂದಕ್ಕಾಗಿ.

## ಬೇಕಾಗುವ ಸಾಮಾನು

ಒಂದು ಡಿಜಿಟಲ್ ಮಲ್ಟಿಮೀಟರ್. ಮನೆಯ ಲೈನ್ ಅಳೆಯುವುದಿದ್ದರೆ ಜೊತೆಗೆ ಒಂದು ಕ್ಲ್ಯಾಂಪ್ ಮೀಟರ್, ಅಂದರೆ ವೈರನ್ನು ಇಕ್ಕಳದಂಥ ಬಾಯಿಯೊಳಗೆ ಹಿಡಿದು ಆಂಪಿಯರ್ ಅಳೆಯುವ ಮೀಟರ್. ಮೊದಲ ಅಭ್ಯಾಸಕ್ಕೆ ನಾಲ್ಕು ಪೆನ್ ಟಾರ್ಚ್ ಸೆಲ್, ಅವನ್ನು ಕೂರಿಸುವ ಹೋಲ್ಡರ್, 470 ಓಮ್ ಮತ್ತು 100 ಓಮ್‌ನ ಎರಡು ಕಾಲು ವ್ಯಾಟ್ ರೆಸಿಸ್ಟರ್. ಒಂದು ಹಾಳೆ, ಪೆನ್ನು.

ಅಂಗಡಿಯಲ್ಲಿ ಸಿಗುವ ಅಗ್ಗದ ಹಳದಿ ಮಲ್ಟಿಮೀಟರ್ ಬಗ್ಗೆ ಒಂದು ಮಾತು. ಅದರ ಮೇಲೆ 10 ಆಂಪಿಯರ್ ಅಂತ ಬರೆದಿರುತ್ತದೆ. ಆ ಜಾತಿಯ ಎಷ್ಟೋ ಮೀಟರ್‌ಗಳಲ್ಲಿ ಅದು ಡಿಸಿಗೆ (ಸೆಲ್, ಬ್ಯಾಟರಿಯ ಕರೆಂಟ್‌ಗೆ) ಮಾತ್ರ. ಎಸಿ (ಮನೆಯ ಲೈನಿನ ಕರೆಂಟ್) ಆಂಪಿಯರ್ ಅಳೆಯುವ ಸೌಲಭ್ಯವೇ ಇರುವುದಿಲ್ಲ. 10 ಆಂಪಿಯರ್ ತೂತಿಗೆ ಒಳಗೆ ಫ್ಯೂಸ್ ಕೂಡ ಇರುವುದಿಲ್ಲ. ಅದನ್ನು ಸೆಲ್, ಬ್ಯಾಟರಿ ಕೆಲಸಕ್ಕೆ ಇಟ್ಟುಕೊಳ್ಳಿ. ಮನೆಯ ಲೈನಿನ ಆಂಪಿಯರ್‌ಗೆ ಕ್ಲ್ಯಾಂಪ್ ಮೀಟರ್ ಬೇಕೇ ಬೇಕು. ವೈರ್ ಕತ್ತರಿಸದೆ, ಬಿಚ್ಚದೆ ಅಳೆಯುತ್ತದೆ ಅನ್ನುವುದೇ ಅದರ ದೊಡ್ಡ ಲಾಭ.

## ಹಂತ 1: ವಸ್ತು ಯಾವ ಬಗೆಯದ್ದು ಅಂತ ನೋಡಿ

ಇದನ್ನು ಬಿಟ್ಟು ಮುಂದೆ ಹೋದವರೇ ಜಾಸ್ತಿ.

ಇಮ್ಮರ್ಷನ್ ರಾಡ್, ಗೀಸರ್, ಇಸ್ತ್ರಿಪೆಟ್ಟಿಗೆ, ಕಾಯಿಲ್ ಒಲೆ ಇವೆಲ್ಲ ಬರೀ ಶಾಖ ಕೊಡುವ ವಸ್ತುಗಳು. ಇವಕ್ಕೆ ಎರಡೂ ಸೂತ್ರ ನೇರವಾಗಿ ನಡೆಯುತ್ತವೆ. ಕಾಯಿಲ್ ತಂತಿ ಸಾಮಾನ್ಯವಾಗಿ ನೈಕ್ರೋಮ್ ಅನ್ನುವ ಮಿಶ್ರಲೋಹ. ಬಿಸಿಯಾದರೂ ಅದರ ರೋಧ ಹೆಚ್ಚೇನೂ ಬದಲಾಗುವುದಿಲ್ಲ.

ಹಳೇ ತಂತಿ ಬಲ್ಬ್ ಬೇರೆ ಕಥೆ. ಒಳಗಿನ ಟಂಗ್‌ಸ್ಟನ್ ತಂತಿ ಬಿಳಿಯಾಗಿ ಕಾದಾಗ ಅದರ ರೋಧ ತಣ್ಣಗಿದ್ದಾಗಿನದ್ದಕ್ಕಿಂತ ಹತ್ತು ಪಟ್ಟಿಗೂ ಜಾಸ್ತಿ ಆಗುತ್ತದೆ. ಹಾಗಾಗಿ 40 ಓಮ್ ಕೂಡ ನಿಜ, 529 ಓಮ್ ಕೂಡ ನಿಜ. ಒಂದು ತಣ್ಣಗಿನ ಬಲ್ಬಿನದ್ದು, ಇನ್ನೊಂದು ಉರಿಯುವ ಬಲ್ಬಿನದ್ದು. ಸ್ವಿಚ್ ಹಾಕಿದ ಆ ಕ್ಷಣ ಬಲ್ಬ್ ಸುಮಾರು 5.75 ಆಂಪಿಯರ್ ಎಳೆಯಬಲ್ಲದು, ಆಮೇಲೆ 0.43ಕ್ಕೆ ಇಳಿಯುತ್ತದೆ. ಹಳೇ ಬಲ್ಬುಗಳು ಸ್ವಿಚ್ ಹಾಕಿದಾಗಲೇ ಟಪ್ ಅಂತ ಹೋಗುತ್ತಿದ್ದದ್ದು ಯಾಕೆ ಅಂತ ಗೊತ್ತಾಯಿತಲ್ವಾ.

ಫ್ಯಾನ್, ಮಿಕ್ಸಿ, ಫ್ರಿಜ್, ಪಂಪ್‌ಸೆಟ್, ಎಲ್‌ಇಡಿ ಬಲ್ಬ್, ಚಾರ್ಜರ್ ಮೂರನೇ ಗುಂಪು. ಇಲ್ಲಿ ವೋಲ್ಟನ್ನು ಆಂಪಿಯರ್‌ನಿಂದ ಭಾಗಿಸಿದರೆ ಒಂದು ಸಂಖ್ಯೆ ಬರುತ್ತದೆ, ಆದರೆ ಅದು ತಂತಿಯ ರೋಧ ಅಲ್ಲ. ಗುಣಿಸಿದರೆ ಬರುವುದು ವ್ಯಾಟ್ ಕೂಡ ಅಲ್ಲ, ವೋಲ್ಟ್-ಆಂಪಿಯರ್. ಇವನ್ನು ಕೊನೆಯಲ್ಲಿ ನೋಡೋಣ. ಕಲಿಯುವವರು ಇಲ್ಲಿಂದ ಶುರು ಮಾಡಬೇಡಿ.

## ಹಂತ 2: ಸೆಲ್ ಮೇಲೆ ಕೈ ಪಳಗಿಸಿ

ನಾಲ್ಕು ಸೆಲ್ ಸಾಲಾಗಿ ಕೂರಿಸಿದರೆ ಸುಮಾರು 6 ವೋಲ್ಟ್. ಶಾಕ್ ಹೊಡೆಯುವ ಭಯ ಇಲ್ಲ.

1. ಕಪ್ಪು ಪ್ರೋಬ್ ಯಾವಾಗಲೂ ಕಾಮನ್ ತೂತಿನಲ್ಲಿ. ಕೆಂಪು ಪ್ರೋಬ್ ವೋಲ್ಟ್ ತೂತಿನಲ್ಲಿ. ಗುಂಡಿಯನ್ನು ಡಿಸಿ ವೋಲ್ಟ್ 20ಕ್ಕೆ ತಿರುಗಿಸಿ. ಪಕ್ಕದಲ್ಲಿ ನೇರ ಗೆರೆ ಇದ್ದರೆ ಡಿಸಿ, ಅಲೆಯ ಗುರುತು ಇದ್ದರೆ ಎಸಿ.

2. 470 ಓಮ್ ರೆಸಿಸ್ಟರನ್ನು ಹೋಲ್ಡರ್‌ನ ಎರಡು ವೈರಿಗೆ ಜೋಡಿಸಿ. ಜೋಡಿಸಿದ ಮೇಲೆಯೇ, ರೆಸಿಸ್ಟರ್‌ನ ಎರಡು ಕಾಲುಗಳ ಮೇಲೆ ಪ್ರೋಬ್ ಇಟ್ಟು ವೋಲ್ಟೇಜ್ ಓದಿ. 6.2 ಬಂತು ಅಂದುಕೊಳ್ಳೋಣ. ಬರೆದುಕೊಳ್ಳಿ.

3. ಈಗ ಒಂದು ವೈರ್ ಬಿಚ್ಚಿ. ಗುಂಡಿಯನ್ನು ಡಿಸಿ 200 ಮಿಲಿ ಆಂಪಿಯರ್‌ಗೆ ತನ್ನಿ. ಕೆಂಪು ಪ್ರೋಬ್ ಬೇರೆ ತೂತಿಗೆ ಹೋಗಬೇಕಾ ಅಂತ ನಿಮ್ಮ ಮೀಟರ್ ನೋಡಿ. ಬಿಚ್ಚಿದ ಜಾಗದ ಒಂದು ತುದಿಗೆ ಒಂದು ಪ್ರೋಬ್, ಇನ್ನೊಂದು ತುದಿಗೆ ಇನ್ನೊಂದು. ಅಂದರೆ ಕರೆಂಟ್ ಮೀಟರ್ ಒಳಗಿಂದ ಹಾದು ಹೋಗಬೇಕು. 13.1 ಬಂತು ಅಂದುಕೊಳ್ಳಿ.

4. ಮಿಲಿ ಆಂಪಿಯರನ್ನು 1000ದಿಂದ ಭಾಗಿಸಿ: 0.0131 ಆಂಪಿಯರ್. ಈಗ 6.2 ÷ 0.0131 = 473 ಓಮ್. 6.2 × 0.0131 = 0.081 ವ್ಯಾಟ್.

5. ಕೆಂಪು ಪ್ರೋಬನ್ನು ತಕ್ಷಣ ವೋಲ್ಟ್ ತೂತಿಗೆ ವಾಪಸ್ ಹಾಕಿ.

ನಾಲ್ಕನೇದನ್ನು ಮರೆತರೆ 6.2 ÷ 13.1 = 0.47 ಓಮ್ ಬರುತ್ತದೆ. ವ್ಯಾಟ್ 81 ಬರುತ್ತದೆ. ಕಡಲೆಬೀಜದಷ್ಟಿರುವ ರೆಸಿಸ್ಟರ್ 81 ವ್ಯಾಟ್ ತಿಂದರೆ ಅದು ಉಳಿಯುವುದುಂಟೇ? ಇಂಥ ಉತ್ತರ ಕಂಡಾಗ ಸೂತ್ರ ತಡಕಬೇಡಿ, ಸಾವಿರ ಎಲ್ಲಿ ಕಳೆದುಹೋಯಿತು ಅಂತ ಹುಡುಕಿ.

ಐದನೇದು ಯಾಕೆ ಅಂದರೆ, ಆಂಪಿಯರ್ ತೂತಿಗೆ ಹಾಕಿದ ಮೀಟರ್‌ನ ಒಳರೋಧ ಹೆಚ್ಚುಕಡಿಮೆ ಸೊನ್ನೆ. ಆ ಸ್ಥಿತಿಯಲ್ಲಿ ಅದನ್ನು ಸಾಕೆಟ್‌ಗೆ ತೂರಿಸಿದರೆ ಫೇಸ್, ನ್ಯೂಟ್ರಲ್ ಎರಡನ್ನೂ ಬರೀ ತಂತಿಯಿಂದ ಸೇರಿಸಿದ ಹಾಗೆ. ಮೀಟರ್ ಕೈಯಲ್ಲೇ ಸಿಡಿಯಬಹುದು. ಮಲ್ಟಿಮೀಟರ್‌ನಲ್ಲಿ ಆಗುವ ಅತಿ ಅಪಾಯದ ತಪ್ಪು ಇದೇ.

ಈಗ 470 ತೆಗೆದು 100 ಓಮ್ ಹಾಕಿ ಅದೇ ಕೆಲಸ ಮಾಡಿ. 5.9 ವೋಲ್ಟ್, 58.6 ಮಿಲಿ ಆಂಪಿಯರ್ ಆಸುಪಾಸಿನಲ್ಲಿ ಬರಬೇಕು. ಲೆಕ್ಕ: 100.7 ಓಮ್, 0.35 ವ್ಯಾಟ್. ಎರಡು ವಿಷಯ ಗಮನಿಸಿ. ಕಾಲು ವ್ಯಾಟ್‌ನ ರೆಸಿಸ್ಟರ್ ಮೇಲೆ 0.35 ವ್ಯಾಟ್ ಬಿದ್ದಿದೆ, ಹಾಗಾಗಿ ಅದು ಬೆರಳು ಸುಡುವಷ್ಟು ಬಿಸಿಯಾಗುತ್ತದೆ. ಬೇಗ ಬಿಚ್ಚಿಬಿಡಿ. ಎರಡನೇದು, ಸೆಲ್‌ನ ವೋಲ್ಟೇಜ್ 6.2ರಿಂದ 5.9ಕ್ಕೆ ಇಳಿಯಿತು. ಜಾಸ್ತಿ ಎಳೆದಷ್ಟೂ ಇಳಿಯುತ್ತದೆ. ಏನೂ ಜೋಡಿಸದ ಸೆಲ್‌ನ ವೋಲ್ಟೇಜ್ ಹಿಡಿದು ಲೆಕ್ಕ ಹಾಕಿದ್ದರೆ ಉತ್ತರ ತಪ್ಪುತ್ತಿತ್ತು. ಮನೆಯ ಲೈನಿನಲ್ಲೂ ಇದೇ ಆಟ.

## ಹಂತ 3: ರಾಡ್ ಮೇಲೆ ಅಳತೆ

ಮೊದಲು ಪ್ಲಗ್ ಕಿತ್ತಿಟ್ಟ, ತಣ್ಣಗಿರುವ ರಾಡ್. ಮೀಟರನ್ನು ಓಮ್ 200ಕ್ಕೆ ಇಟ್ಟು ಪ್ಲಗ್‌ನ ಎರಡು ಸಣ್ಣ ಪಿನ್ನುಗಳ ನಡುವೆ ಅಳೆಯಿರಿ. 1500 ವ್ಯಾಟ್ ರಾಡ್‌ಗೆ 35ರ ಆಸುಪಾಸು ಬರಬೇಕು. ಆಮೇಲೆ ಗುಂಡಿಯನ್ನು ಅತಿ ದೊಡ್ಡ ಓಮ್ ರೇಂಜ್‌ಗೆ ತಿರುಗಿಸಿ, ಒಂದು ಸಣ್ಣ ಪಿನ್ ಮತ್ತು ದಪ್ಪ ಅರ್ಥ್ ಪಿನ್ ನಡುವೆ, ಹಾಗೇ ಸಣ್ಣ ಪಿನ್ ಮತ್ತು ರಾಡ್‌ನ ಲೋಹದ ಮೈ ನಡುವೆ ನೋಡಿ. ಪ್ರೋಬ್‌ನ ತುದಿಗೆ ಬೆರಳು ತಾಗಬಾರದು, ತಾಗಿದರೆ ನಿಮ್ಮ ಮೈಯ ರೋಧವೇ ಕಾಣಿಸುತ್ತದೆ. ಮೀಟರ್ ಏನೂ ತೋರಿಸಬಾರದು, ಅಂದರೆ ಎಡಗಡೆ ಬರೀ 1 ಅಥವಾ ಓಎಲ್ (OL) ಇರಬೇಕು. ಯಾವುದೋ ಓದುವಂಥ ಸಂಖ್ಯೆ ಬಂದರೆ ಒಳಗಿನ ಕಾಯಿಲ್‌ನಿಂದ ಕರೆಂಟ್ ಮೈಗೆ ಸೋರುತ್ತಿದೆ. ಆ ರಾಡನ್ನು ಎಸೆಯಿರಿ. ಲೆಕ್ಕ ಅಲ್ಲಿಗೇ ನಿಲ್ಲಿಸಿ.

ಸರಿಯಿದ್ದರೆ ಮುಂದೆ. ಕ್ಲ್ಯಾಂಪ್ ಮೀಟರ್‌ನ ಬಾಯಿಯೊಳಗೆ ಒಂದೇ ಒಂದು ವೈರ್ ಇರಬೇಕು. ಫೇಸ್ ಒಂದೇ, ಇಲ್ಲವೇ ನ್ಯೂಟ್ರಲ್ ಒಂದೇ. ರಾಡ್‌ನ ದಪ್ಪ ಕಪ್ಪು ವೈರನ್ನು ಇಡಿಯಾಗಿ ಬಾಯಿಗೆ ಹಾಕಿದರೆ ಸೊನ್ನೆ ತೋರಿಸುತ್ತದೆ. ಹೋಗುವ ಕರೆಂಟ್, ಬರುವ ಕರೆಂಟ್ ಒಂದನ್ನೊಂದು ಅಳಿಸಿಬಿಡುತ್ತವೆ. ‘ಕ್ಲ್ಯಾಂಪ್ ಮೀಟರ್ ಕೆಲಸ ಮಾಡ್ತಿಲ್ಲ’ ಅನ್ನುವವರಲ್ಲಿ ಬಹಳ ಮಂದಿ ಮಾಡುವುದು ಇದನ್ನೇ.

ಅದಕ್ಕೆ ಎಲೆಕ್ಟ್ರಿಷಿಯನ್ ಹತ್ತಿರ ಒಂದು ಅಡಿ ಉದ್ದದ ಎಕ್ಸ್‌ಟೆನ್ಷನ್ ಮಾಡಿಸಿಕೊಳ್ಳಿ. ಒಂದು ಕಡೆ 16 ಆಂಪಿಯರ್ ಪ್ಲಗ್, ಇನ್ನೊಂದು ಕಡೆ ಎರಡು ಸಾಕೆಟ್ ಇರುವ ಪೆಟ್ಟಿಗೆ. ನಡುವೆ ಮೂರು ಬೇರೆ ಬೇರೆ 2.5 ಸ್ಕ್ವೇರ್ ಎಂಎಂ ವೈರ್, ಮೇಲಿನ ಪ್ಲಾಸ್ಟಿಕ್ ಎಲ್ಲೂ ಸುಲಿದಿರಬಾರದು. ಒಂದು ಸಾಕೆಟ್‌ಗೆ ರಾಡ್. ಇನ್ನೊಂದರಲ್ಲಿ ವೋಲ್ಟೇಜ್ ಅಳತೆ. ಪ್ರೋಬ್ ತೂರಿಸಲು ಧೈರ್ಯ ಬರದಿದ್ದರೆ, ಪ್ಲಗ್ ತರ ನೇರವಾಗಿ ಸಿಕ್ಕಿಸುವ ಸಣ್ಣ ಡಿಜಿಟಲ್ ವೋಲ್ಟ್‌ಮೀಟರ್ ಸಿಗುತ್ತದೆ. ನನ್ನ ಆಯ್ಕೆ ಅದೇ. ಕೈ ಖಾಲಿ ಇರುತ್ತದೆ, ಎರಡು ಸಂಖ್ಯೆಯೂ ಒಟ್ಟಿಗೆ ಕಾಣುತ್ತವೆ.

1. ಕಾಲಿಗೆ ಚಪ್ಪಲಿ, ಒಣಗಿದ ಕೈ. ಬಕೆಟ್ ಪ್ಲಾಸ್ಟಿಕ್‌ದಾಗಿರಲಿ. ರಾಡನ್ನು ಗುರುತಿನವರೆಗೆ ನೀರಿನಲ್ಲಿ ಮುಳುಗಿಸಿ.
2. ಮೀಟರ್‌ಗಳ ಗುಂಡಿ ಮೊದಲೇ ತಿರುಗಿಸಿಡಿ: ಎಸಿ 750 ವೋಲ್ಟ್ ಅಥವಾ 600, ಕ್ಲ್ಯಾಂಪ್‌ನಲ್ಲಿ ಎಸಿ 20 ಆಂಪಿಯರ್. ಲೈನಿಗೆ ತಾಗಿಸಿದ ಮೇಲೆ ಗುಂಡಿ ತಿರುಗಿಸಬಾರದು.
3. ಕ್ಲ್ಯಾಂಪನ್ನು ಎಕ್ಸ್‌ಟೆನ್ಷನ್‌ನ ಕೆಂಪು (ಫೇಸ್) ವೈರ್ ಒಂದಕ್ಕೇ ಹಾಕಿ, ಬಾಯಿ ಪೂರ್ತಿ ಮುಚ್ಚಿದೆಯಾ ನೋಡಿ.
4. ಸ್ವಿಚ್ ಹಾಕಿ, ಒಂದು ನಿಮಿಷ ಬಿಡಿ. ವೋಲ್ಟ್, ಆಂಪಿಯರ್ ಎರಡನ್ನೂ ಒಟ್ಟಿಗೆ ಓದಿ ಬರೆಯಿರಿ.
5. ಸ್ವಿಚ್ ಆರಿಸಿ, ಪ್ಲಗ್ ಕಿತ್ತು, ಆಮೇಲೆ ಉಳಿದದ್ದು. ರಾಡ್ ಉರಿಯುವಾಗ ನೀರು ಬಿಸಿಯಾಯ್ತಾ ಅಂತ ಬೆರಳು ಅದ್ದುವ ಅಭ್ಯಾಸ ಬಿಡಿ.

## ಹಂತ 4: ಲೆಕ್ಕ

218 ವೋಲ್ಟ್, 6.2 ಆಂಪಿಯರ್ ಸಿಕ್ಕಿತು ಅಂತಿಟ್ಟುಕೊಳ್ಳಿ.

ರೋಧ: 218 ÷ 6.2 = 35.16 ಓಮ್.
ಪವರ್: 218 × 6.2 = 1352 ವ್ಯಾಟ್.

ಲೇಬಲ್ 1500 ಅನ್ನುತ್ತದೆ. ಕಂಪನಿ ಮೋಸ ಮಾಡಿತು ಅನ್ನುವ ಮೊದಲು ಲೇಬಲ್‌ನಲ್ಲಿ 230 ವೋಲ್ಟ್ ಅಂತ ಇದೆಯಾ ನೋಡಿ. ಆ 1500 ವ್ಯಾಟ್ 230 ವೋಲ್ಟ್ ಇದ್ದಾಗಿನದ್ದು. ರೋಧ ಗೊತ್ತಿದ್ದರೆ ವೋಲ್ಟನ್ನು ವೋಲ್ಟ್‌ನಿಂದಲೇ ಗುಣಿಸಿ ರೋಧದಿಂದ ಭಾಗಿಸಿದರೂ ವ್ಯಾಟ್ ಸಿಗುತ್ತದೆ: 230 × 230 ÷ 35.16 = 1505. ರಾಡ್ ಸರಿಯಾಗಿಯೇ ಇದೆ, ಲೈನ್ ಇಳಿದಿದೆ.

ಹಳ್ಳಿ ಕಡೆ ಸಂಜೆ ಹೊತ್ತು 180 ವೋಲ್ಟ್‌ಗೆ ಇಳಿದರೆ? 180 × 180 ÷ 35.16 = 921 ವ್ಯಾಟ್. ವೋಲ್ಟೇಜ್ ಸುಮಾರು ಐದರಲ್ಲಿ ಒಂದು ಪಾಲು ಇಳಿದಿದೆ, ಶಾಖ ಐದರಲ್ಲಿ ಎರಡು ಪಾಲು ಹೋಗಿದೆ. 20 ಲೀಟರ್ ನೀರನ್ನು 25 ಡಿಗ್ರಿಯಿಂದ 60ಕ್ಕೆ ತರಲು 230 ವೋಲ್ಟ್‌ನಲ್ಲಿ ಸುಮಾರು 33 ನಿಮಿಷ ಸಾಕು, 180ರಲ್ಲಿ 53 ನಿಮಿಷ. ಬಿಲ್ಲಿನ ಯೂನಿಟ್ (1000 ವ್ಯಾಟ್ ಒಂದು ಗಂಟೆ ಓಡಿದಷ್ಟು) ಮಾತ್ರ ಎರಡರಲ್ಲೂ 0.8ರ ಆಸುಪಾಸೇ.

ಇಲ್ಲಿ ಆಗುವ ತಪ್ಪು ಅಂದರೆ, 1500 ವ್ಯಾಟನ್ನು 180ರಿಂದ ಭಾಗಿಸಿ 8.3 ಆಂಪಿಯರ್ ಅನ್ನುವುದು. ಬದಲಾಗದೆ ನಿಲ್ಲುವುದು ರೋಧ, ವ್ಯಾಟ್ ಅಲ್ಲ. ರಾಡ್ ಆಗ ಎಳೆಯುವುದು 180 ÷ 35.16, ಅಂದರೆ 5.1 ಆಂಪಿಯರ್.

## ಹಂತ 5: ಮನೆಯ ಮೀಟರ್‌ನಿಂದ ತಾಳೆ ನೋಡಿ

ಗೋಡೆಯ ಎಲೆಕ್ಟ್ರಾನಿಕ್ ಮೀಟರ್‌ನಲ್ಲಿ ಕೆಂಪು ದೀಪ ಮಿನುಗುತ್ತಿರುತ್ತದೆ. ಪಕ್ಕದಲ್ಲೇ ಒಂದು ಯೂನಿಟ್‌ಗೆ ಎಷ್ಟು ಮಿನುಗು ಅಂತ ಬರೆದಿರುತ್ತದೆ, ಉದಾಹರಣೆಗೆ 3200. ಫ್ರಿಜ್, ಫ್ಯಾನ್ ಎಲ್ಲ ಆರಿಸಿ, ರಾಡ್ ಒಂದನ್ನೇ ಹಾಕಿ, ಮೊಬೈಲ್‌ನಲ್ಲಿ ಒಂದು ನಿಮಿಷ ಇಟ್ಟು ಮಿನುಗು ಎಣಿಸಿ. 72 ಬಂದರೆ 72 × 60,000 ÷ 3200 = 1350 ವ್ಯಾಟ್ (60,000 ಅಂದರೆ 60 ನಿಮಿಷ × 1000 ವ್ಯಾಟ್). ನಿಮ್ಮ ಲೆಕ್ಕದ ಹತ್ತಿರ ಬಂತು, ಅಲ್ವಾ? ಬಹಳ ದೂರ ಇದ್ದರೆ ಬೇರೇನೋ ಓಡುತ್ತಿದೆ, ಇಲ್ಲ ಎಣಿಕೆ ತಪ್ಪಿದೆ. ನಿಮ್ಮ ಮೀಟರ್ ಮೇಲಿನ ಸಂಖ್ಯೆ ಬೇರೆ ಇದ್ದರೆ 3200ರ ಜಾಗಕ್ಕೆ ಅದನ್ನು ಹಾಕಿ.

## ಬಿಸಿಯಾಗುವ ಪ್ಲಗ್

ಈ ಲೆಕ್ಕ ನಿಜವಾಗಿ ಉಪಯೋಗಕ್ಕೆ ಬರುವುದು ಇಲ್ಲಿ.

ಪ್ಲಗ್ ಕಿತ್ತಾಗ ಒಂದು ಪಿನ್ ಮಾತ್ರ ಕಪ್ಪಾಗಿ, ಅದರ ಬುಡದ ಬಿಳಿ ಪ್ಲಾಸ್ಟಿಕ್ ಕಂದಾಗಿ ಉಬ್ಬಿರುವುದು ನೋಡಿರುತ್ತೀರಿ. ಸಾಕೆಟ್ ಒಳಗಿನ ಹಿತ್ತಾಳೆ ತುಂಡು ಸಡಿಲವಾಗಿ ಪಿನ್ನನ್ನು ಸರಿಯಾಗಿ ಹಿಡಿಯುತ್ತಿಲ್ಲ. ಆ ಜಾಗದಲ್ಲಿ ಅರ್ಧ ಓಮ್ ರೋಧ ಇದೆ ಅಂದುಕೊಳ್ಳಿ. ಆಂಪಿಯರನ್ನು ಆಂಪಿಯರ್‌ನಿಂದ ಗುಣಿಸಿ ರೋಧದಿಂದ ಗುಣಿಸಿ: 6.2 × 6.2 × 0.5 = 19 ವ್ಯಾಟ್. 25 ವ್ಯಾಟ್‌ನ ಸೋಲ್ಡರಿಂಗ್ ಐರನ್ ಸೀಸವನ್ನು ನೀರು ಮಾಡುತ್ತದೆ. ಅಂಥದ್ದೊಂದನ್ನು ಸಾಕೆಟ್ ಒಳಗೆ ಮುಚ್ಚಿಟ್ಟ ಹಾಗಾಯಿತು. ಎಂಸಿಬಿ (ಕರೆಂಟ್ ಮಿತಿ ಮೀರಿದರೆ ತಾನೇ ಬೀಳುವ ಸ್ವಿಚ್) ಇದನ್ನು ಹಿಡಿಯುವುದಿಲ್ಲ, ಯಾಕೆಂದರೆ ಆಂಪಿಯರ್ ಜಾಸ್ತಿ ಆಗಿರುವುದಿಲ್ಲ.

ಕಣ್ಣಿಗೆ ಕಾಣುವ ಮೊದಲೇ ಲೆಕ್ಕದಲ್ಲಿ ಹಿಡಿಯಬಹುದು. ರಾಡ್ ಉರಿಯುತ್ತಿರುವಾಗ ಮೇನ್ ಬೋರ್ಡ್ ಹತ್ತಿರದ ಸಾಕೆಟ್‌ನಲ್ಲಿ ವೋಲ್ಟೇಜ್ ನೋಡಿ, ಹಾಗೇ ರಾಡ್ ಇರುವ ಪೆಟ್ಟಿಗೆಯಲ್ಲಿ ನೋಡಿ. ಅಲ್ಲಿ 226, ಇಲ್ಲಿ 218 ಇದ್ದರೆ ದಾರಿಯಲ್ಲಿ 8 ವೋಲ್ಟ್ ಹೋಗಿದೆ. 8 ÷ 6.2 = 1.3 ಓಮ್. ಇದರಲ್ಲಿ ವೈರಿನ ಪಾಲು ಎಷ್ಟು? 2.5 ಸ್ಕ್ವೇರ್ ಎಂಎಂ ತಾಮ್ರದ ವೈರ್‌ಗೆ ಒಂದು ಮೀಟರ್ ಉದ್ದಕ್ಕೆ ಸುಮಾರು 0.0074 ಓಮ್. ದೂರ 20 ಮೀಟರ್ ಆದರೆ ಹೋಗಿ ಬರಲು 40 ಮೀಟರ್, ಅಂದರೆ 0.3 ಓಮ್. ಉಳಿದ 1 ಓಮ್ ಯಾವುದೋ ಜಾಯಿಂಟ್‌ನಲ್ಲಿ ಕೂತಿದೆ, 38 ವ್ಯಾಟ್ ಶಾಖ ಅಲ್ಲೇ ಸುರಿಯುತ್ತಿದೆ. ಲೈನ್ ಏರಿಳಿಯುತ್ತಿರುತ್ತದೆ, ಹಾಗಾಗಿ ಎರಡೂ ಕಡೆ ಎರಡು ಮೂರು ಸಲ ನೋಡಿ. ಪ್ರತಿ ಸಲವೂ ಅಷ್ಟೇ ವ್ಯತ್ಯಾಸ ಬಂದರೆ ಮೇನ್ ಆರಿಸಿ ಎಲೆಕ್ಟ್ರಿಷಿಯನ್ ಕರೆಸಿ. ಗೋಡೆಯೊಳಗಿನ ಜಾಯಿಂಟ್‌ಗೆ ನೀವು ಕೈ ಹಾಕಬೇಡಿ.

ಸುಟ್ಟ ವಾಸನೆ, ಸಾಕೆಟ್‌ನಲ್ಲಿ ಚಿಟಚಿಟ ಸದ್ದು, ರಾಡ್ ಹಾಕಿದೊಡನೆ ಅದೇ ಲೈನಿನ ಲೈಟ್ ಮಂಕಾಗಿ ನಡುಗುವುದು, ಈ ಮೂರೂ ಅದೇ ರೋಗದ ಲಕ್ಷಣ. 6 ಆಂಪಿಯರ್ ಸಣ್ಣ ಸಾಕೆಟ್‌ಗೆ ಕನ್ವರ್ಟರ್ ಪಿನ್ ಹಾಕಿ 2000 ವ್ಯಾಟ್ ಗೀಸರ್ ಓಡಿಸುವವರಿಗೆ ಲೆಕ್ಕ ಒಂದೇ ಸಾಲು: 2000 ÷ 230 = 8.7 ಆಂಪಿಯರ್.

## ಸುಮ್ನೆ ಲೇಬಲ್ ಓದಿ ಮೋಸ ಹೋಗುವ ಜಾಗಗಳು

ಮೊಬೈಲ್ ಚಾರ್ಜರ್ ಮೇಲೆ ಎರಡು ಸಾಲು ಇರುತ್ತದೆ. ಇನ್‌ಪುಟ್ 100-240 ವೋಲ್ಟ್, 0.35 ಆಂಪಿಯರ್. ಔಟ್‌ಪುಟ್ 5 ವೋಲ್ಟ್, 2 ಆಂಪಿಯರ್. ಮೇಲಿನ ವೋಲ್ಟ್‌ಗೆ ಕೆಳಗಿನ ಆಂಪಿಯರ್ ಗುಣಿಸಿ 480 ವ್ಯಾಟ್ ಅಂತ ಗಾಬರಿಯಾಗುವವರಿದ್ದಾರೆ. ಔಟ್‌ಪುಟ್ ಸಾಲಿನೊಳಗೇ ಗುಣಿಸಿ: 10 ವ್ಯಾಟ್. ಇನ್‌ಪುಟ್‌ನ ಆಂಪಿಯರ್ ಗರಿಷ್ಠ ಮಿತಿ ಅಷ್ಟೇ.

ಎಲ್‌ಇಡಿ ಬಲ್ಬಿನಂಥ ಸಣ್ಣ ವಸ್ತುವಿಗೆ ಕ್ಲ್ಯಾಂಪ್ ಮೀಟರ್ 0.0 ತೋರಿಸಿದರೆ, ಫೇಸ್ ವೈರನ್ನು ಬಾಯಿಯೊಳಗೆ ಐದು ಸುತ್ತು ಸುತ್ತಿ, ಬಂದ ಸಂಖ್ಯೆಯನ್ನು 5ರಿಂದ ಭಾಗಿಸಿ. ಸುತ್ತುವಾಗ ಪ್ಲಗ್ ಕಿತ್ತಿರಲಿ.

ಕರೆಂಟ್ ಇರುವ ವಸ್ತುವಿನ ಮೇಲೆ ಓಮ್ ಅಳೆಯಬೇಡಿ. ಮೀಟರ್ ಹೋಗುತ್ತದೆ, ಕೈಗೂ ಅಪಾಯ.

## ಮೋಟಾರ್, ಪಂಪ್‌ಸೆಟ್ ಆದರೆ

1 ಎಚ್‌ಪಿಯ ಸಿಂಗಲ್ ಫೇಸ್ ಪಂಪ್ 210 ವೋಲ್ಟ್‌ನಲ್ಲಿ 6.5 ಆಂಪಿಯರ್ ಎಳೆದರೆ 1365 ವೋಲ್ಟ್-ಆಂಪಿಯರ್. ಇದನ್ನು ಪವರ್ ಫ್ಯಾಕ್ಟರ್‌ನಿಂದ (ವೋಲ್ಟ್-ಆಂಪಿಯರ್‌ನಲ್ಲಿ ನಿಜವಾದ ವ್ಯಾಟ್ ಎಷ್ಟು ಪಾಲು ಅನ್ನುವ ಸಂಖ್ಯೆ) ಗುಣಿಸಿದರೆ ವ್ಯಾಟ್. ಹೆಸರಿನ ಫಲಕದಲ್ಲಿ 0.85 ಇದ್ದರೆ ಸುಮಾರು 1160 ವ್ಯಾಟ್. 1 ಎಚ್‌ಪಿ ಅಂದರೆ 746 ವ್ಯಾಟ್ ಆಗಬೇಕಿತ್ತಲ್ಲ ಅನ್ನಬೇಡಿ. ಎಚ್‌ಪಿ ಅನ್ನುವುದು ಶಾಫ್ಟ್‌ನಲ್ಲಿ ಸಿಗುವ ಕೆಲಸ, ನೀವು ಅಳೆದದ್ದು ಲೈನಿನಿಂದ ಹೋದದ್ದು.

ತ್ರೀ ಫೇಸ್‌ಗೆ ಎರಡು ಫೇಸ್ ನಡುವಿನ ವೋಲ್ಟೇಜ್, ಒಂದು ಫೇಸ್‌ನ ಆಂಪಿಯರ್, 1.732 ಮತ್ತು ಪವರ್ ಫ್ಯಾಕ್ಟರ್ ನಾಲ್ಕನ್ನೂ ಗುಣಿಸಿ. 400 × 7.5 × 1.732 × 0.8 = 4157 ವ್ಯಾಟ್. ಸ್ಟಾರ್ಟರ್ ಪೆಟ್ಟಿಗೆ ತೆಗೆದು ಅಳೆಯುವ ಕೆಲಸ ತಿಳಿದವರಿಗೇ ಬಿಡಿ, ಸಂಖ್ಯೆ ಬರೆದುಕೊಂಡು ಲೆಕ್ಕ ನೀವು ಹಾಕಿ.

ವೋಲ್ಟೇಜ್ ಇಳಿದಾಗ ಮೋಟಾರ್ ರಾಡ್‌ನ ತದ್ವಿರುದ್ಧ. ರಾಡ್ ಕಡಿಮೆ ಆಂಪಿಯರ್ ಎಳೆಯುತ್ತದೆ, ನೀರೆತ್ತುವ ಮೋಟಾರ್ ಜಾಸ್ತಿ ಎಳೆಯುತ್ತದೆ, ಯಾಕೆಂದರೆ ಎತ್ತಬೇಕಾದ ನೀರಿನ ಭಾರ ಹಾಗೇ ಇರುತ್ತದೆ. ವೈಂಡಿಂಗ್‌ನಲ್ಲಿ ಶಾಖ ಆಂಪಿಯರ್‌ನ ವರ್ಗಕ್ಕೆ ತಕ್ಕಂತೆ ಏರುತ್ತದೆ. ಆಂಪಿಯರ್ 7.5ರಿಂದ 9 ಆದರೆ ಶಾಖ 1.44 ಪಟ್ಟು. ಹಾಗಾಗಿ ಫಲಕದ ಆಂಪಿಯರ್ ಮೀರಿದ್ದು ಕಂಡರೆ, ಅಥವಾ ಮೂರು ಫೇಸ್‌ಗಳಲ್ಲಿ ಒಂದು ಉಳಿದೆರಡಕ್ಕಿಂತ ಬಹಳ ಬೇರೆ ಇದ್ದರೆ, ಮೋಟಾರ್ ನಿಲ್ಲಿಸಿ. ವೋಲ್ಟೇಜ್ ಏರಿದ ಮೇಲೆ ಇನ್ನೊಮ್ಮೆ ಅಳೆಯಿರಿ. ಆಗಲೂ ಹಾಗೇ ಇದ್ದರೆ ತೊಂದರೆ ಮೋಟಾರ್ ಅಥವಾ ಕೇಬಲ್‌ನಲ್ಲಿರಬಹುದು.